ಆಂಬೋಲಿಗೆ ಹೋಗುವ ಮಾತು

ಜುಲೈ ೩೦, ಬುಧವಾರ

ಅಕ್ಕೋಳದಿಂದ ಬೀಗಿತಿ ಅಕ್ಕುತಾಯಿ ಬಂದಿದ್ದಳು. ಪಂಚಮಿಗೆ ಮಗಳನ್ನು ಕಳಿಸಲಿಲ್ಲವೆಂದು ತಾನೇ ಉಂಡಿಯ ಡಬ್ಬಿ ಹೊತ್ತು ಬಂದೆ ಎಂದಳು. ಉಂಡಿ ಚೆನ್ನಾಗಿದ್ದವು, ಸುಳ್ಳು ಹೇಳುವುದಿಲ್ಲ. ಆದರೆ ಬರೀ ಉಂಡಿ ಕೊಡಲು ಯಾರೂ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಎಂದು ಬಸ್ಸು ಬದಲಿಸುತ್ತ ಅಥಣಿಯವರೆಗೆ ಬರುವುದಿಲ್ಲ. ಊಟ ಮುಗಿದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಮಾತು ಹೊರಗೆ ಬಂತು.

"ಶಿವಗಂಗವ್ವಾರ, ಸಿಟ್ಟ ಆಗಬ್ಯಾಡ್ರಿ. ಸ್ನೇಹಲಗ ಇನ್ನಾ ಮೂವತ್ತಮೂರ. ನಿಪ್ಪಾಣ್ಯಾಗ ಒಂದ ಸ್ಥಳ ಐತಿ. ರೋಹನ ಅಂತ, ಸೊಸಾಯಿಟ್ಯಾಗ ನೌಕರಿ. ಮೊದಲನೇ ಹೇಣ್ತಿ ಬಿಟ್ಟ ಹೋಗ್ಯಾಳ, ಮಕ್ಕಳಿಲ್ಲ. ದೀಪಾವಳಿ ಆದ ಮ್ಯಾಲ ಉಡಕಿ ಮಾಡಿ ಕೊಟ್ರ ಹೆಂಗ ಅಂತ..."

ಗಂಡ ಸತ್ತವಳಿಗೆ ಇನ್ನೊಬ್ಬನ ಕೈಯಿಂದ ಸೀರೆ ಕೊಡಿಸಿ, ಕತ್ತಲಲ್ಲಿ, ಹಾಡು ವಾದ್ಯ ಇಲ್ಲದೆ ಕಳಿಸಿಕೊಡುವುದು ಉಡಕಿ. ಊರಲ್ಲಿ ಇದೆ. ನಮ್ಮ ಹೊಸ್ತಿಲೊಳಗೆ ಬಂದಿರಲಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ಹೊಲದ ಮೋಟರಿನ ಕರೆಂಟು ನನ್ನ ಮಗ ಅಮಿತನನ್ನು ಹಿಡಿದುಕೊಂಡಿತು. ಅಂದಿನಿಂದ ಈ ಮಾತು ಒಂದು ದಿನ ಬರುತ್ತದೆ ಎಂದು ನನಗೆ ಗೊತ್ತಿತ್ತು. ಉತ್ತರವನ್ನೂ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ.

"ಹೋಗಾಕಿ ಹೋಗಲಿ. ನಾ ಕಾಲಿಗೆ ಹಗ್ಗ ಕಟ್ಟೂದಿಲ್ಲ. ಆದರ ಉಡಕಿ ಆಗಿ ಹೋಗಾಕಿ ಕೂಸಿನ್ನ ಕರ್ಕೊಂಡ ಹೋಗೂದಿಲ್ಲ. ಕೂಸ ಹುಟ್ಟಿದ ಮನೀದು. ಇದ ನಿಮಗೂ ಗೊತ್ತೈತಿ."

ಅಕ್ಕುತಾಯಿ ಸೆರಗಿನ ತುದಿ ನೋಡುತ್ತ ಕುಳಿತಳು. ಸೊಸೆ ಸ್ನೇಹಲ ಅಡುಗೆಮನೆ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ತಂಬಿಗೆ ಇಟ್ಟು ಒಳಗೆ ಹೋದಳು.

ಬೀಗಿತಿ ಹೋದ ಮೇಲೆ ನಮ್ಮ ಯಜಮಾನರು, "ದ್ರಾಕ್ಷಿ ಹೊಲದಾಗ ಹುಟ್ಟಿ ಬೆಳದಾಕಿ ನೀ. ಬಳ್ಳಿ ಕಿತ್ತ ಕೊಟ್ಟ ಕಾಯಿ ಹಂದರದಾಗ ಇಟಗೋತೀನಿ ಅಂತೀಯಲ್ಲ, ಎಲ್ಲೆರ ನೋಡೀಯೇನ?" ಎಂದರು. ಇವರಿಗೆ ಮಾತು ಬರುವುದು ಬೀಗರು ಹೋದ ಮೇಲೆಯೇ.

ಆಗಸ್ಟ್ ೪, ಸೋಮವಾರ

ಪಕ್ಕದ ತೋಟದ ಭೂಪಾಲಣ್ಣ ಬಂದಿದ್ದ. ಊರಿನ ಜಗಳಗಳನ್ನು ತೀರಿಸುವವನು ಅವನೇ. ಅಕ್ಕುತಾಯಿ ಹೋಗುವಾಗ ಅವನ ಮನೆಗೂ ಹೋಗಿದ್ದಳೆಂದು ಈಗ ಗೊತ್ತಾಯಿತು. ಬಹಳ ಜಾಣೆ.

"ಅಕ್ಕಾ, ಪದ್ಧತಿ ನೀ ಹೇಳಿದ್ದ ಖರೆ. ಆದರ ನಿನ್ನ ಮಮ್ಮಗಳ ಸಮು ಈಗ ಹನ್ನೆರಡ ವರ್ಷದಾಕಿ. ಹಿಂದಿನ ಗತೆ ದನಾ ಕಟ್ಟಿದಂಗ ಕಟ್ಟಾಕ ಬರೂದಿಲ್ಲ. ಬನ್ನಿ ಕೊಡೂ ದಿನಾ ಎಲ್ಲಾರೂ ಕೂಡೂಣು. ಹುಡುಗಿನ್ನ ಕೇಳೂಣು. ಆಕಿ ಎಲ್ಲಿ ಇರತೀನಿ ಅಂತಾಳ ಅಲ್ಲಿ ಇರಲಿ."

"ಕೇಳ್ರಿ. ನನಗ್ಯಾನ ಹೆದರಿಕಿ?" ಎಂದೆ.

ಹೆದರಿಕೆ ಇಲ್ಲ. ಅವಳು ಹುಟ್ಟಿದ ದಿನದಿಂದ ನನ್ನ ಮಗ್ಗುಲಲ್ಲಿ ಮಲಗಿದವಳು. ಆದರೂ ಸಂಜೆ ಅವಳು ಶಾಲೆಯಿಂದ ಬಂದಾಗ ನೋಡಿದೆ. ಚೀಲ ಇಟ್ಟಳು, ಚಪ್ಪಲಿ ಬಿಟ್ಟಳು, ಮೊದಲು ಕೂಗಿದ್ದು "ಮಮ್ಮೀ" ಎಂದು. ದಿನಾ ಹಾಗೆಯೇ ಕೂಗುತ್ತಿದ್ದಳೋ ಏನೋ. ನಾನು ಲಕ್ಷ್ಯ ಕೊಟ್ಟಿರಲಿಲ್ಲ.

ಆಗಸ್ಟ್ ೧೦, ಭಾನುವಾರ

ಒಂದು ನಿರ್ಧಾರ ಮಾಡಿದ್ದೇನೆ. ದಸರೆಯ ಮೊದಲು ಮನೆಯವರೆಲ್ಲ ಗಾಡಿ ತೆಗೆದುಕೊಂಡು ಆಂಬೋಲಿ ಘಾಟಕ್ಕೆ ಹೋಗಿಬರುವುದು.

ಅಮಿತ ಮಿರಜಿನಿಂದ ಒಂದು ಹಳೆ ಗುಡ್ಡದ ಸೈಕಲ್ ತಂದುಕೊಟ್ಟಿದ್ದ. ದಪ್ಪ ಗಾಲಿ, ಗೇರು ಎಲ್ಲ ಇರುವುದು. ಸಮು ಅದನ್ನು ಕಾಲುವೆಯ ಏರಿ ಮೇಲೆ, ಮುರುಮಿನ ಗುಡ್ಡೆಯ ಮೇಲೆ ಹತ್ತಿಸಿ ಇಳಿಸಿ ಊರ ಹುಡುಗರ ಬಾಯಿ ಮುಚ್ಚಿಸಿದ್ದಳು. ಖರೆ ಗುಡ್ಡ ತೋರಿಸುತ್ತೇನೆ, ಆಂಬೋಲಿಗೆ ಕರೆದೊಯ್ಯುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಅವನು ಹೋದ ಮೇಲೆ ಸೈಕಲ್ ಒಣದ್ರಾಕ್ಷಿ ಶೆಡ್ಡಿನ ಮೂಲೆಯಲ್ಲಿ ನಿಂತಿದೆ.

ಹುಡುಗರ ಮನಸ್ಸು ಸಂತೋಷ ಕೊಟ್ಟವರ ಹಿಂದೆ ಹೋಗುತ್ತದೆ. ಬನ್ನಿ ಕೊಡುವ ದಿನ ಅವಳ ಕಣ್ಣ ಮುಂದೆ ಆಂಬೋಲಿ ಇರಬೇಕು, ಕರೆದೊಯ್ದ ಆಯಿ, ಅಂದರೆ ನಾನು, ಇರಬೇಕು. ಇದರಲ್ಲಿ ಮೋಸವೇನಿಲ್ಲ. ಅಪ್ಪನ ಮಾತನ್ನು ಅಜ್ಜಿ ನಡೆಸಿದರೆ ತಪ್ಪೇನು?

ಊಟಕ್ಕೆ ಕುಳಿತಾಗ ಹೇಳಿದೆ. ಸಮು ತುತ್ತನ್ನು ಗಲ್ಲದಲ್ಲಿ ಇಟ್ಟುಕೊಂಡು ನನ್ನನ್ನೇ ನೋಡಿದಳು.

"ಆಯಿ, ಚಾಷ್ಟಿ ಮಾಡಾಕತ್ತೀಯೇನ?"

"ನಾ ಯಾವಾಗ ಚಾಷ್ಟಿ ಮಾಡೀನಿ?"

"ಯಾವಾಗೂ ಮಾಡಿಲ್ಲ. ಅದಕ್ಕ ಕೇಳಿದ್ನಿ."

ಯಜಮಾನರು ನಕ್ಕು ಕೆಮ್ಮಿದರು. ಸೊಸೆ ನೀರು ಕೊಟ್ಟಳು.

ಖರ್ಚಿನ ವಿಷಯದಲ್ಲಿ ನನ್ನ ಕಟ್ಟಳೆ ಮೊದಲೇ ಹೇಳಿಬಿಟ್ಟೆ. ಹೋಟೆಲಿನಲ್ಲಿ ಊಟ ಇಲ್ಲ. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ದಪಾಟಿ ಕಟ್ಟಿಕೊಳ್ಳುವುದು. ಮಲಗುವುದು ಆಜರಾದ ಹತ್ತಿರ ಯಜಮಾನರ ಗುರುತಿನ ಮಠದಲ್ಲಿ. ಗಾಡಿ ನಮ್ಮದೇ, ಒಣದ್ರಾಕ್ಷಿ ಬಾಕ್ಸು ಹೊರುವ ಬೊಲೆರೊ. ಅಕ್ಟೋಬರಿನಲ್ಲಿ ಚಾಟಣಿ ಶುರುವಾದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ಬಿಟ್ಟು ಯಾರೂ ಹೊಸ್ತಿಲು ದಾಟುವ ಹಾಗಿಲ್ಲ. ಅಷ್ಟರೊಳಗೆ ಹೋಗಿಬರಬೇಕು.

ಆಗಸ್ಟ್ ೧೭, ಭಾನುವಾರ

ಗಾಡಿ ಯಾರು ಹೊಡೆಯಬೇಕು ಎಂಬಲ್ಲಿ ಎಲ್ಲ ನಿಂತಿದೆ. ಯಜಮಾನರಿಗೆ ಕಣ್ಣು ಮಂಜಾಗಿದೆ. ಅಥಣಿಯ ಡ್ರೈವರ್ ಒಬ್ಬನನ್ನು ಕೇಳಿದರೆ ಅವನು ಪಗಾರ, ಭತ್ತೆ, ಮೇಲೆ ಮಲಗಲು ಲಾಡ್ಜು ಎಂದ. "ಮಠದಾಗ ಮಲಗಾಕ ನಿನಗ ಏನ ಧಾಡಿ?" ಎಂದೆ. ಫೋನು ಇಟ್ಟುಬಿಟ್ಟ.

ಸಮು ಹೇಳಿದಳು: "ಮಮ್ಮಿ ಕಲಿಲಿ."

ಸೊಸೆ ಸ್ಟೇರಿಂಗ್ ಹಿಡಿದರೆ ಊರು ಏನೆಂದೀತು ಎಂದು ಬಾಯಿಗೆ ಬಂದಿತ್ತು. ಆ ಡ್ರೈವರಿನ ಪಗಾರ ನೆನಪಾಗಿ ಸುಮ್ಮನಾದೆ.

ಅವಳಿಗೆ ಕಲಿಸುವವರು ಕಣ್ಣು ಕಾಣದ ನಮ್ಮ ಯಜಮಾನರು. ಇಂದು ಕಬ್ಬಿನ ಹೊಲದ ದಾರಿಯಲ್ಲಿ ಮೊದಲ ಪಾಠ. ಗಾಡಿ ಮೂರು ಸಲ ಜಿಗಿದು ಬಂದ್ ಬಿತ್ತು. ಯಜಮಾನರ ಟೊಪ್ಪಿಗೆ ಕಿಟಕಿಯಿಂದ ಹೊರಗೆ ಬಿತ್ತು.

"ಮಾವಾರ, ಕ್ಲಚ್ ಬಿಡ್ಲ್ಯಾ?"

"ಬಿಡವ್ವಾ, ಎಲ್ಲಾ ಬಿಡು, ದೇವರನ ಮಾತ್ರ ಹಿಡಿ."

ಅವಳು ನಕ್ಕಳು. ಏರಿ ಮೇಲೆ ನಿಂತಿದ್ದ ನನಗೂ ಕೇಳುವಷ್ಟು ಜೋರಾಗಿ. ವರ್ಷದ ಮೇಲೆ ಆ ಧ್ವನಿ ಕೇಳಿದೆ. ಗಾಡಿ ಅಂಗಳಕ್ಕೆ ಬಂದು ನಿಲ್ಲುವ ಹೊತ್ತಿಗೆ ಅವಳ ಮುಖ ಮೊದಲಿನಂತೆ ಆಗಿತ್ತು. ಸೆರಗು ಹೊದ್ದು ಇಳಿದಳು.

ಆಗಸ್ಟ್ ೨೯

ಮಳೆ. ಆಂಬೋಲಿಯಲ್ಲಿ ರಸ್ತೆ ಕಾಣುವುದಿಲ್ಲವಂತೆ. ಮುಂದೂಡಿದೆ.

ಸೆಪ್ಟೆಂಬರ್ ೭, ಭಾನುವಾರ

ಸಮು ಸೈಕಲ್ ತೊಳೆದು ಎಣ್ಣೆ ಹಾಕಿದ್ದಾಳೆ. ಇಳಿಜಾರಿನಲ್ಲಿ ಸೀಟಿನ ಮೇಲೆ ಕೂಡಬಾರದಂತೆ, ಪೆಡಲಿನ ಮೇಲೆ ನಿಂತು ಮೈಯನ್ನು ಹಿಂದಕ್ಕೆ ಬಿಡಬೇಕಂತೆ. ಮುಂದಿನ ಬ್ರೇಕು ಒಮ್ಮೆಲೇ ಹಿಡಿದರೆ ತಲೆ ಕೆಳಗಾಗುತ್ತದಂತೆ. ನನಗೆ ಎಲ್ಲ ಹೇಳಿ, ಕೊನೆಗೆ ನನ್ನಿಂದಲೇ ಒಪ್ಪಿಸಿಕೊಂಡಳು, ಶಾಲೆಯಲ್ಲಿ ಮಾಸ್ತರು ಕೇಳಿದ ಹಾಗೆ. ಎಲ್ಲ ಸರಿಯಾಗಿ ಹೇಳಿದೆ.

ಇಬ್ಬರೇ ಇದ್ದಾಗ ಹೇಳಿದೆ: "ಹಿಂಗ ಪ್ರತಿ ವರ್ಷಾ ಹೋಗೂಣು. ಮುಂದಿನ ವರ್ಷ ಹೊಸಾ ಸೈಕಲ್. ನೀ ನನ್ನ ಕಡೆ ಇದ್ರ ಏನ ಕೇಳತಿ ಅದು."

"ಮಮ್ಮಿನೂ ಇರತಾಳಲ್ಲ?"

ಒಲೆಯ ಮೇಲೆ ಹಾಲು ಇತ್ತು. ಎದ್ದು ಹೋದೆ.

ಸೊಸೆ ಈಗ ಗಾಡಿಯನ್ನು ಕಾಗವಾಡದವರೆಗೆ ಒಯ್ದು ತರುತ್ತಾಳೆ. ಒಣದ್ರಾಕ್ಷಿ ವ್ಯಾಪಾರಿಗಳ ಲೆಕ್ಕವನ್ನೂ ಅಮಿತ ಹೋದಾಗಿನಿಂದ ಅವಳೇ ನೋಡುತ್ತಾಳೆ. ವ್ಯಾಪಾರಿ ಕಡಿಮೆ ಹೇಳಿದರೆ ಜಗಳಾಡುವುದಿಲ್ಲ, ಎದ್ದು ಚಹಾ ಮಾಡಲು ಹೋಗುತ್ತಾಳೆ. ಅವಳು ಚಹಾ ತರುವಷ್ಟರಲ್ಲಿ ಅವನು ತಾನೇ ಏರಿಸಿರುತ್ತಾನೆ. ಇದನ್ನು ಎಲ್ಲಿ ಕಲಿತಳೋ. ಯಜಮಾನರು ನನ್ನ ಹತ್ತಿರವೇ ಕಲಿತಳು ಎನ್ನುತ್ತಾರೆ.

ಸೆಪ್ಟೆಂಬರ್ ೧೪, ಭಾನುವಾರ

ಆಂಬೋಲಿಗೆ ಮೊದಲು ಒಂದು ಪರೀಕ್ಷೆ ಆಗಲಿ ಎಂದು ಎಲ್ಲರೂ ನಿಪ್ಪಾಣಿಯ ಆಚೆ ತವಂದಿ ಘಾಟಕ್ಕೆ ಹೋದೆವು. ಸ್ನೇಹಲಳೇ ಗಾಡಿ ಹೊಡೆದಳು. ಕುಡಚಿಯ ಸೇತುವೆ ಮೇಲೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ನಾನು ಶಿವಶಿವಾ ಎಂದೆ, ಅವಳು ಗಾಡಿಯನ್ನು ಅಂಚಿಗೆ ತೆಗೆದು ದಾರಿ ಬಿಟ್ಟಳು. ಚಲೋ ಹೊಡೆಯುತ್ತಾಳೆ.

ದಾರಿಯಲ್ಲಿ ಅಕ್ಕೋಳದಲ್ಲಿ ಅಕ್ಕುತಾಯಿಯ ಮನೆಗೆ ಚಹಾಕ್ಕೆ ನಿಂತೆವು. ಅಲ್ಲಿ ಅಂಗಳದಲ್ಲಿ ಒಬ್ಬ ಗಂಡಸು ಕಬ್ಬಿಣದ ಚೌಕಟ್ಟು ಹಿಡಿದು ನಿಂತಿದ್ದ. ಆ ರೋಹನನೇ. ಗಾಡಿಯ ಮೇಲೆ ಸೈಕಲ್ ಕಟ್ಟಲು ತಾನೇ ಮಾಡಿಸಿ ತಂದಿದ್ದನಂತೆ. ಅಕ್ಕುತಾಯಿಯ ಆಟ ನನಗೆ ತಿಳಿಯದೆ ಇರುತ್ತದೆಯೇ? ತಿರುಗಿ ಹೋಗೋಣ ಎಂದುಕೊಂಡೆ. ಆದರೆ ಹಗ್ಗದಲ್ಲಿ ಕಟ್ಟಿದ ಸೈಕಲ್ ಬರುವಾಗ ಎರಡು ಸಲ ಜಾರಿತ್ತು. ಚೌಕಟ್ಟು ಗಟ್ಟಿಯಾಗಿತ್ತು, ಮೇಲಾಗಿ ಪುಕ್ಕಟೆ.

ಆಸಾಮಿಗೆ ಸ್ವಲ್ಪ ಹೊಟ್ಟೆ ಬಂದಿದೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಸಮು ಅವನನ್ನು ಸುತ್ತು ಹಾಕಿ ನೋಡಿದಳು.

"ಕಾಕಾ, ನಿಮಗ ಸೈಕಲ್ ಬರತೈತ್ರಿ?"

"ಬರತೈತಿ."

"ಗುಡ್ಡಾ ಇಳದೀರಿ?"

"ಒಮ್ಮೆ ಇಳದಿದ್ನಿ. ನಾ ಮೊದಲ ಮುಟ್ಟಿದ್ನಿ, ಸೈಕಲ್ ಆಮ್ಯಾಲ ಬಂತು."

ಸಮು ನೆಲಕ್ಕೆ ಕುಳಿತು ನಕ್ಕಳು. ಸ್ನೇಹಲ ಚಹಾದ ತಾಟು ಹಿಡಿದು ಹೊರಗೆ ಬರುತ್ತಿದ್ದವಳು ಬಾಗಿಲಲ್ಲೇ ನಿಂತಳು. ಅವನನ್ನು ನೋಡಲಿಲ್ಲ. ಸಮು ನಗುವುದನ್ನು ನೋಡಿದಳು.

"ಕಾಕಾರೂ ಬರಲಿ" ಎಂದು ಸಮು ಹೇಳಿದಳು. "ಗಾಡ್ಯಾಗ ಜಾಗಾ ಇಲ್ಲ" ಎಂದೆ. ಅವನು, "ಇಲ್ಲರಿ, ನನಗ ಸೊಸಾಯಿಟ್ಯಾಗ ಕೆಲಸ ಐತ್ರಿ" ಎಂದ. ಇಂದು ಭಾನುವಾರ.

ತವಂದಿಯಲ್ಲಿ ಹೆದ್ದಾರಿ ಬಿಟ್ಟು ಗುಡ್ಡದ ಮಗ್ಗುಲಿನ ಕಚ್ಚಾ ದಾರಿಯಲ್ಲಿ ಗಾಡಿ ನಿಲ್ಲಿಸಿದೆವು. ಸಮು ಹತ್ತಿದಳು, ಇಳಿದಳು. ನಾನು ದಾರಿಯ ನಡುವಿನ ತಿರುವಿನಲ್ಲಿ ಕಲ್ಲಿನ ಮೇಲೆ ಕುಳಿತೆ. ಅವಳು ಗಾಳಿಯ ಹಾಗೆ ನನ್ನ ಮುಂದೆ ಹಾದುಹೋದಾಗ "ಮೈ ಹಿಂದಕ್ಕ ಬಿಡು!" ಎಂದು ಕೂಗಿದೆ. ನನಗೆ ಇಷ್ಟು ವಯಸ್ಸಾಗಿದೆ, ಗುಡ್ಡದಲ್ಲಿ ಹಾಗೆ ಕೂಗಿದ್ದು ಇದೇ ಮೊದಲು.

ಕೊನೆಯ ಸಲ ಇಳಿಯುವಾಗ ತಿರುವಿನ ಕೆಳಗೆ ಜಲ್ಲಿಯ ಮೇಲೆ ಗಾಲಿ ಜಾರಿತು. ಬಿದ್ದಳು. ನಾನೇ ಹತ್ತಿರ ಇದ್ದೆ. ಕೈ ಚಾಚಿ, "ಬಾ ನನ್ನ ಬಂಗಾರಾ, ಬಾ" ಎನ್ನುತ್ತ ಇಳಿದೆ. ಅವಳು ಎದ್ದಳು. ಮೊಣಕಾಲಿನಿಂದ ರಕ್ತ ಬರುತ್ತಿತ್ತು. ಸೈಕಲ್ ಅಲ್ಲೇ ಬಿಟ್ಟು ನನ್ನ ಕಡೆ ಓಡಿ ಬಂದಳು. ಬಂದು, ನನ್ನ ಸೆರಗಿಗೆ ತಾಗಿ, ನನ್ನನ್ನು ದಾಟಿ ಮೇಲೆ ಓಡಿದಳು. ಮೇಲೆ ಗಾಡಿಯ ಹತ್ತಿರದಿಂದ ಸ್ನೇಹಲ ಬರಿಗಾಲಲ್ಲಿ ಇಳಿದು ಬರುತ್ತಿದ್ದಳು.

ನನ್ನ ಕೈಗಳು ಚಾಚಿಕೊಂಡೇ ಇದ್ದವು. ಸೆರಗು ಸರಿಮಾಡಿಕೊಂಡೆ. ಸೈಕಲ್ ಎತ್ತಿ ನಿಲ್ಲಿಸಿದೆ. ಭಾರ ಇದೆ.

ಸೆಪ್ಟೆಂಬರ್ ೧೫

ಬರೆಯುವಂಥದ್ದು ಏನೂ ಆಗಿಲ್ಲ.

ಸೆಪ್ಟೆಂಬರ್ ೨೪, ಬುಧವಾರ

ಇಂದು ಸ್ನೇಹಲ ಶೆಡ್ಡಿನಲ್ಲಿ ಒಣದ್ರಾಕ್ಷಿ ಹಸನು ಮಾಡುತ್ತಿದ್ದಳು. ನಾನೂ ಹೋಗಿ ಕುಳಿತೆ. ಬಹಳ ಹೊತ್ತು ಇಬ್ಬರೂ ಕಡ್ಡಿ ಆರಿಸಿದೆವು. ಆಮೇಲೆ ತಲೆ ಎತ್ತದೆ ಹೇಳಿದಳು.

"ಅತ್ತಿ, ನಾ ಹೋಗೂದಿಲ್ಲ. ಅವ್ವಗ ಫೋನ್ ಮಾಡಿ ಹೇಳೀನಿ. ಸಮುನ್ನ ನಡುವ ನಿಂದ್ರಿಸಿ ಯಾರ ಬೇಕು ಅಂತ ಕೇಳೂದು ಬ್ಯಾಡ. ಆಕಿನ್ನ ಬಿಟ್ಟ ನಾ ಇರೂದಿಲ್ಲ. ಇಲ್ಲೇ ಇರತೀನಿ."

"ಮನಸ್ಸಿಲೆ ಹೇಳಾಕತ್ತೀಯೇನ?"

"ಇದಕ್ಕ ಮನಸ್ಸ ಯಾಕ ಬೇಕ್ರಿ ಅತ್ತಿ."

ಆರಿಸಿದ್ದನ್ನು ಬುಟ್ಟಿಗೆ ಸುರಿದು ಎದ್ದು ಹೋದಳು.

ಅಂದರೆ ಎಲ್ಲ ನನ್ನ ಕಡೆಯೇ ಆಯಿತು. ಕೂಸೂ ಉಳಿಯಿತು, ಅವಳೂ ಉಳಿದಳು. ಮನೆತನದ ಮಾತೂ ಉಳಿಯಿತು. ಬನ್ನಿಯ ದಿನಕ್ಕೆ ಹೆದರಬೇಕಾಗಿಲ್ಲ. ಯಜಮಾನರಿಗೆ ಹೇಳಿದೆ. "ಹೌದೇನ" ಎಂದು ಮಗ್ಗುಲಾದರು.

ಇಂದು ಊಟ ಸೇರಲಿಲ್ಲ. ಪಿತ್ತ ಇರಬೇಕು.

ಸೆಪ್ಟೆಂಬರ್ ೨೮, ಭಾನುವಾರ

ಮಳೆ ನಿಂತಿದೆ. ದಸರೆಗೆ ಮೊದಲು ಹೋಗಲು ಇನ್ನೂ ಸಮಯ ಇದೆ ಎಂದೆ. ಯಾವ ದಾರಿ, ಉತ್ತೂರಿನ ಮೇಲೆಯೋ ಗಡಹಿಂಗ್ಲಜದ ಮೇಲೆಯೋ ಎಂದು ನಾನೇ ಕೇಳಿದೆ. ಸ್ನೇಹಲ, "ನೀವ ಹೇಳಿದ ಕಡೆ ಹೋಗೂಣ್ರಿ" ಎಂದಳು. ಮೊದಲಾಗಿದ್ದರೆ ಫೋನು ತೆಗೆದು ಯಾವ ದಾರಿ ಚಲೋ ಎಂದು ಮಾವನ ಜೊತೆ ವಾದ ಹಾಕುತ್ತಿದ್ದಳು. ಗಾಡಿಯ ಕೀಲಿ ಗೂಟದ ಮೇಲೆ ಇದೆ. ಅವಳು ಅದನ್ನು ಮುಟ್ಟಿ ನಾಲ್ಕು ದಿನವಾಯಿತು. ಒರೆಸುತ್ತಾಳೆ, ಬಳಿಯುತ್ತಾಳೆ, ಬಡಿಸುತ್ತಾಳೆ. ಏನು ಹೇಳಿದರೂ ಹೂಂ ಎನ್ನುತ್ತಾಳೆ. ಇಂಥ ಸೊಸೆ ಸಿಗಬೇಕೆಂದು ಊರಿನ ಅತ್ತೆಯಂದಿರು ಹರಕೆ ಹೊರುತ್ತಾರೆ.

ಸಮು ಬಂದು ನನ್ನ ಕಿವಿಯಲ್ಲಿ, "ಆಯಿ, ಮಮ್ಮಿಗೆ ಆರಾಮ ಇಲ್ಲೇನ? ದವಾಖಾನಿಗೆ ಕರ್ಕೊಂಡ ಹೋಗೂಣೇನ?" ಎಂದಳು.

"ಆರಾಮ ಅದಾಳ."

"ಮತ್ತ ಆಂಬೋಲಿ ಅಂದ್ರೂ ನಗವಲ್ಲಳು."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಬೆಕ್ಕಿಗೆ ಹೊಡೆದೆ.

ಅಕ್ಟೋಬರ್ ೨, ಗುರುವಾರ

ಮಗಳು ಏನೇ ಹೇಳಿದರೂ ಕೂಸನ್ನು ಕೇಳಿಯೇ ಬಿಡೋಣ ಎಂದು ಅಕ್ಕುತಾಯಿ ಬಂದಳು. ಜೊತೆಗೆ ರೋಹನ. ಅವನು ಒಳಗೆ ಬರದೆ ಕಟ್ಟೆಯ ತುದಿಗೆ ಕುಳಿತ. ಭೂಪಾಲಣ್ಣ ಕಂಬಳಿಯ ಮೇಲೆ, ಯಜಮಾನರು ಅವನ ಮಗ್ಗುಲಿಗೆ. ಬನ್ನಿ ಕೊಟ್ಟು ಕಾಲಿಗೆ ಬೀಳುವುದೆಲ್ಲ ಮುಗಿಯಿತು. ಭೂಪಾಲಣ್ಣ ಸಮುವನ್ನು ಕರೆದ.

"ಬಾ ಅವ್ವಾ, ಇಲ್ಲಿ ನಡುವ ನಿಂದ್ರ ಬಾ. ಹೆದರಬ್ಯಾಡ. ಒಂದ ಮಾತ ಕೇಳತೀನಿ, ನಿನ್ನ ಮನಸ್ಸಿಗೆ ಬಂದದ್ದ ಹೇಳು."

ಸಮು ಬಂದಳು. ಹೊಸ ಫ್ರಾಕು ಹಾಕಿದ್ದಳು. ಮುಷ್ಟಿಯಲ್ಲಿ ಬನ್ನಿ ಎಲೆ ಇತ್ತು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ, ಆದರೆ ಎಲ್ಲ ಗೊತ್ತಿತ್ತು. ಹುಡುಗರಿಗೆ ಗೊತ್ತಿಲ್ಲದ್ದು ಮನೆಯಲ್ಲಿ ಏನಿರುತ್ತದೆ. ನನ್ನನ್ನು ನೋಡಿದಳು. ಬಾಗಿಲ ಒಳಗೆ ನಿಂತಿದ್ದ ಸ್ನೇಹಲಳನ್ನು ನೋಡಿದಳು. ಬಾಯಿ ತೆರೆದಳು. ಹೇಳಬೇಕಾದ್ದನ್ನು ಸಿದ್ಧ ಮಾಡಿಕೊಂಡೇ ಬಂದಿದ್ದಾಳೆ ಎಂದು ತಿಳಿಯಿತು.

"ಭೂಪಾಲಣ್ಣ, ತಡಿ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ಕೂಸಿನ್ನ ಕೇಳೂದಿಲ್ಲ. ಕೇಳಿದ್ರ ಆಕಿ ಯಾರಿಗೆರ ಒಬ್ಬರಿಗೆ ಬ್ಯಾಡ ಅನಬೇಕಾಕ್ಕೈತಿ. ನನ್ನ ಮಮ್ಮಗಳ ಬಾಯಿಂದ ಆ ಮಾತ ಬರೂದು ನನಗ ಬ್ಯಾಡ. ಆಕಿ ತಾಯಿ ಸಂಗಾಟ ಹೋಗಲಿ. ಇದ ನಾ ಹೇಳಾಕತ್ತೀನಿ, ಮನೀ ಹಿರಿಯಾಕಿ."

"ಅತ್ತಿ, ನಾ ಹೋಗೂದಿಲ್ಲ ಅಂತ ಅಂದೀನಲ್ರಿ" ಎಂದು ಸ್ನೇಹಲ ಒಳಗಿನಿಂದ ಹೇಳಿದಳು.

"ಹಿರಿಯಾರ ಮಾತಾಡೂ ಮುಂದ ನಡುವ ಬಾಯಿ ಹಾಕಬ್ಯಾಡ ಬೇ."

ಭೂಪಾಲಣ್ಣ ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡ. "ಅಕ್ಕಾ, ಪದ್ಧತಿ..."

"ಪದ್ಧತಿ ನನಗ ಕಲಸಬ್ಯಾಡೊ. ಇನ್ನೊಂದ ಐತಿ, ಅದನ್ನೂ ಕೇಳ್ರಿ ಎಲ್ಲಾರೂ. ಕತ್ತಲದಾಗ ಉಡಕಿ ಮಾಡೂದಿಲ್ಲ. ಹಗಲ ಹೊತ್ತನ್ಯಾಗ ಹಂದರ ಹಾಕಿ, ವಾಜಂತ್ರಿ ಹಚ್ಚಿ ಲಗ್ನಾ ಮಾಡ್ರಿ. ನನ್ನ ಮನಿ ಹುಡುಗಿ ಕಳ್ಳರಂಗ ಹೋಗೂದಿಲ್ಲ. ಹಂಗ ಆಗೂದಿದ್ರ ಹೇಳ್ರಿ, ಇಲ್ಲಾಂದ್ರ ಬಂದ ದಾರಿ ಹಿಡೀರಿ."

ಅಕ್ಕುತಾಯಿ ಅಳಲು ಶುರು ಮಾಡಿದಳು. ಅವಳಿಗೆ ಅದೊಂದು ಬರುತ್ತದೆ. ರೋಹನ ಎದ್ದು ಬಂದು ನನ್ನ ಕಾಲಿಗೆ ಬಿದ್ದ. ಹೊಟ್ಟೆಯಿಂದಾಗಿ ಏಳಲು ಸ್ವಲ್ಪ ತಡವಾಯಿತು.

ಅಡುಗೆಮನೆಗೆ ಹೋದೆ. ಸ್ನೇಹಲ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಮನಸ್ಸ ಯಾಕ ಬೇಕು ಅಂದಿದ್ದಿ. ಈಗ ಹೇಳು. ಐತೋ ಇಲ್ಲೋ?"

"ಐತ್ರಿ" ಎಂದಳು. ಸಣ್ಣ ಧ್ವನಿಯಲ್ಲಿ, ಅಪರಾಧ ಮಾಡಿದವಳ ಹಾಗೆ. ಅವಳ ತಲೆಯ ಮೇಲೆ ಕೈ ಇಟ್ಟೆ. ಬೆವರಿತ್ತು.

ಸಮು ಏನು ಹೇಳಬೇಕೆಂದಿದ್ದಳೋ ನನಗೆ ಇನ್ನು ತಿಳಿಯುವುದಿಲ್ಲ. ಆಮೇಲೆ ಕೇಳಬಹುದಿತ್ತು. ಕೇಳಲಿಲ್ಲ. ಕೇಳುವುದೂ ಇಲ್ಲ.

ಅಕ್ಟೋಬರ್ ೧೩, ಸೋಮವಾರ

ಚಾಟಣಿ ಶುರುವಾಗಿದೆ. ಆಳುಗಳ ಕೈಯಲ್ಲಿ ಕತ್ತರಿ, ನೆಲದ ತುಂಬ ಕಡ್ಡಿ. ದೀಪಾವಳಿ ಪಾಡ್ಯ ಮುಗಿದ ಮೇಲೆ ಅಕ್ಕೋಳದಲ್ಲಿ ಲಗ್ನ ಎಂದು ಗೊತ್ತಾಗಿದೆ.

ಆಂಬೋಲಿಗೆ ಲಗ್ನದ ಮರುದಿನ ಅವರು ಮೂವರೂ ಹೋಗಲಿ ಎಂದು ಹೇಳಿದೆ. ಬೊಲೆರೊ ಒಯ್ಯಲಿ. ಆ ರೋಹನನಿಗೆ ಗಾಡಿಯೂ ಬರುವುದಿಲ್ಲವಂತೆ. ಮದುಮಗಳೇ ಗಾಡಿ ಹೊಡೆದು ಮದುಮಗನನ್ನು ಕೂಡಿಸಿಕೊಂಡು ಹೋಗಬೇಕು. ಯಜಮಾನರು ಇದನ್ನು ಕೇಳಿ ಎರಡು ದಿನ ನಕ್ಕರು.

ಸಮು ಒಪ್ಪಲಿಲ್ಲ.

"ನೀನೂ ಬಾ ಆಯಿ. ನೀನ ಹೇಳಿದ್ದಿ, ಎಲ್ಲಾರೂ ಅಂತ."

"ಚಾಟಣಿ ಬಿಟ್ಟ ಹೆಂಗ ಬರ್ಲಿ?"

"ಮುತ್ಯಾ ನೋಡತಾನ."

"ನಿಮ್ಮ ಮುತ್ಯಾಗ ಬಳ್ಳಿ ಯಾವದು ಹಗ್ಗ ಯಾವದು ಕಾಣೂದಿಲ್ಲ."

"ನೀ ಬರೂದಿಲ್ಲ ಅಂದ್ರ ನಾನೂ ಹೋಗೂದಿಲ್ಲ."

ಅವಳ ಗಲ್ಲ ಹಿಡಿದೆ. "ಹೋಗಬೇಕು. ಹೊಸಾ ಮಂದಿ ಗೂಡ ಮೊದಲ ಒಂದ ಸಲಾ ನಕ್ಕೊಂತ ದೂರ ಹೋಗಿ ಬಂದ್ರ ಅವರು ಹಳೇ ಮಂದಿ ಆಗತಾರ. ನಾ ನಡುವ ಕುಂತ್ರ ನೀ ನನ್ನ ಸಂಗಾಟನ ಮಾತಾಡತಿ."

ಇದು ನನ್ನ ಬಾಯಿಂದ ಹೇಗೆ ಬಂತೋ. ಅವಳಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರಾತ್ರಿ ಮಾತ್ರ ನನ್ನ ಮಗ್ಗುಲಲ್ಲೇ ಮಲಗುತ್ತಾಳೆ, ಬೆನ್ನು ತಿರುಗಿಸಿ.

ಅಕ್ಟೋಬರ್ ೨೬, ಭಾನುವಾರ

ನಿನ್ನೆ ಲಗ್ನವಾಯಿತು. ಹಗಲಲ್ಲಿ, ವಾಜಂತ್ರಿ ಹಚ್ಚಿ. ಅಕ್ಕೋಳದ ಮಂದಿ ಕೆಲವರು ಬಂದರು, ಕೆಲವರು ಬಾಗಿಲಲ್ಲಿ ನಿಂತು ನೋಡಿದರು. ಉಡಿ ತುಂಬುವ ಹೊತ್ತಿಗೆ ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿದರು. ಎರಡನೆಯ ಲಗ್ನದವಳಿಗೆ ಮೊದಲು ತುಂಬಿದವಳಿಗೆ ಕೆಡುಕಾಗುತ್ತದೆ ಎಂಬ ಹೆದರಿಕೆ. ಅಕ್ಕುತಾಯಿಗೆ ಗಂಡನಿಲ್ಲ, ಅವಳು ತುಂಬುವಂತಿಲ್ಲ. ನಾನು ಎದ್ದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಕುಬಸದ ಖಣ ಎಲ್ಲ ಹಾಕಿದೆ. ಸ್ನೇಹಲ ಸೆರಗು ಚಾಚಿ ತಲೆ ಬಗ್ಗಿಸಿದ್ದಳು. ಸೆರಗು ಜಾರಿ ಅಕ್ಕಿ ಚೆಲ್ಲಿತು. "ಗಟ್ಟಿ ಹಿಡಿ" ಎಂದು ಬೈದೆ.

ಇಂದು ಬೆಳಿಗ್ಗೆ ಅವರು ಹೊರಟರು. ಸೈಕಲ್ ಮೇಲೆ, ಬುತ್ತಿಯ ಗಂಟು ಹಿಂದೆ. ಸಮು ಗಾಡಿಯಿಂದ ಇಳಿದು ಬಂದು ನನ್ನ ಸೊಂಟ ಹಿಡಿದುಕೊಂಡಳು. ಬಿಡಲೇ ಇಲ್ಲ. ಒಂದೊಂದೇ ಬೆರಳು ಬಿಡಿಸಿ ಗಾಡಿಯೊಳಗೆ ಕೂಡಿಸಿದೆ. ಗಾಡಿ ಉತ್ತೂರಿನ ದಾರಿಗೆ ತಿರುಗುವವರೆಗೆ ನಿಂತಿದ್ದೆ. ಸ್ನೇಹಲ ತಿರುಗಿ ನೋಡಲಿಲ್ಲ. ನೋಡಬಾರದು, ಗಾಡಿ ಹೊಡೆಯುವವರು ಮುಂದೆ ನೋಡಬೇಕು.

ನಾವಿಬ್ಬರೂ ಬಸ್ಸಿನಲ್ಲಿ ಬಂದೆವು. ಚಿಕ್ಕೋಡಿಯಲ್ಲಿ ಕುಡಚಿಗೆ ಹೋಗುವ ಒಬ್ಬ ಹೆಂಗಸು ನನ್ನ ಮಗ್ಗುಲಿಗೆ ಕುಳಿತಳು. ಮಾತಿನ ಮಲ್ಲಿ. ಬಾಳೆಹಣ್ಣು ಕೊಟ್ಟಳು.

"ಎಲ್ಲಿಗೆ ಹೋಗಿದ್ರಿ ಅವ್ವಾರ?"

"ಮಗಳ ಲಗ್ನಕ್ಕ."

ಯಜಮಾನರು ಕಿಟಕಿಯ ಕಡೆಯಿಂದ ತಿರುಗಿ ನನ್ನನ್ನು ನೋಡಿದರು. ಯಾಕೆ ಹಾಗೆ ಹೇಳಿದೆನೋ. ಬಸ್ಸಿನಲ್ಲಿ ಗದ್ದಲವಿತ್ತು, ಉದ್ದ ಕಥೆ ಹೇಳಲು ಯಾರಿಗೆ ಪುರುಸೊತ್ತು.

"ಚಲೋ ಆತ ಬಿಡ್ರಿ. ಮಮ್ಮಕ್ಕಳ ಅದಾರೇನ್ರಿ?"

"ಒಬ್ಬಾಕಿ. ಸೈಕಲ್ ಹೊಡೀತಾಳ, ಗುಡ್ಡದಾಗ."

"ಹುಡುಗೀನ? ಅಯ್ಯ! ಎಲ್ಲಿರತಾಳ್ರಿ?"

"ತಾಯಿ ಕಡೆ. ನಿಪ್ಪಾಣ್ಯಾಗ."

"ಮತ್ತ ಶಾಲಿ ಸೂಟಿಗೆ ಅಜ್ಜಿ ಮನಿಗೆ ಬರತಾಳಲ್ರಿ?"

"ಬರತಾಳ" ಎಂದೆ. "ಪ್ರತಿ ಸೂಟಿಗೂ ಬರತಾಳ."

ಈ ಮಾತನ್ನು ನನಗೆ ಯಾರೂ ಹೇಳಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.